ಮೊದಲ ಮಳೆ ಮಗುವಿಗೆ

ಕ್ರಿ.ಶ. ೨೧೮೭, ಭರಣಿ ಮಳೆಯ ಮೂರನೆಯ ದಿನ
ಹಿರೇಬಾವಿ

ಹಿರಿಯಳಾದ ಶಿವಗಂಗವ್ವನಿಗೆ, ನಿನ್ನ ಮರಿಮಗಳ ಮರಿಮಗಳು ನೀಲಗಂಗವ್ವ ಮಾಡುವ ಶರಣಾರ್ಥಿ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನಿನಗೆ ತಿಳಿಯದ ಪದ ನುಸುಳಿದರೆ ಮನ್ನಿಸು. ತೊಟ್ಟಿ ಕಟ್ಟಿಸುತ್ತಿರುವ ನಿನಗೀಗ ಇಪ್ಪತ್ತೆಂಟು, ನನಗೆ ಎಪ್ಪತ್ತೊಂದು. ಅಜ್ಜಿ ಎನ್ನಲೋ ಮಗಳೇ ಎನ್ನಲೋ ತೋಚದೆ ಅವ್ವಾ ಎನ್ನುತ್ತೇನೆ.

ನೀನು ಕಟ್ಟಿಸಿದ ಮಳೆನೀರಿನ ತೊಟ್ಟಿ ಇನ್ನೂ ಗಟ್ಟಿಯಾಗಿದೆ. ಅದರ ಗೋಡೆಯ ಹಸಿ ಸಿಮೆಂಟಿನಲ್ಲಿ ನೀನು ಮೊಳೆಯಿಂದ ಗೀಚಿದ ‘ಮೊದಲ ಮಳೆ ಮಗುವಿಗೆ’ ಎಂಬ ಸಾಲೂ ಹಾಗೇ ಇದೆ. ನಾನು ಶಾಲೆ ಕಂಡವಳಲ್ಲ; ಅಕ್ಷರ ಕೂಡಿಸಿ ಮೊದಲು ಓದಿದ್ದೇ ಆ ಸಾಲನ್ನು. ವರ್ಷದ ಮೊದಲ ಮಳೆ ಮಾಳಿಗೆಯಿಂದ ಇಳಿಯುತ್ತಿದ್ದಂತೆ ತಾಮ್ರದ ತಂಬಿಗೆಯಲ್ಲಿ ಹಿಡಿದು ಮನೆಯ ಹೊಸ ಕೂಸಿನ ನಾಲಿಗೆಗೆ ಮೂರು ಹನಿ ಬಿಡುವುದು ನಿನ್ನ ಕಾಲದಿಂದ ನಮ್ಮ ಪದ್ಧತಿ.

ಈ ಸಲದ ಕೂಸು ನನ್ನ ಮೊಮ್ಮಗನ ಮಗಳು ಸಿರಿಗೌರಿ, ಎರಡು ತಿಂಗಳಿನವಳು. ಅವಳ ತಾಯಿ ಚಂಪಕಾ ಹುಬ್ಬಳ್ಳಿಯವಳು. ಕೂಸಿನ ಬಾಯಿ ಒರೆಸಲೆಂದು ತವರಿನ ಮಳೆನೀರನ್ನು ಕಾಯಿಸಿ ಬಾಟಲಿಯಲ್ಲಿ ತಂದಿದ್ದಳು. ನಾನು ನಕ್ಕೆ.

“ಪ್ಯಾಟಿ ಮಳಿ ಹೊಗಿ ಕುಡದು ಬರ್ತದವ್ವಾ. ಅದನ್ನ ತುಳಸಿಗೂ ಹಾಕಬ್ಯಾಡ.”

ಅವಳು ಬಾಟಲಿಯನ್ನು ಚೀಲದೊಳಗಿಟ್ಟಳು. ಮೊನ್ನೆ ಮಳೆ ಬಂತು. ಅವಳು ಸ್ನಾನಕ್ಕೆ ಹೋಗಿದ್ದಾಗ, ಹಳ್ಳಿಯ ನೀರಿನ ಹೆಮ್ಮೆಯಲ್ಲಿ, ಮೂರು ಹನಿ ಸಾಲದೆಂದು ಕೂಸಿಗೆ ಹಾಲು ಕುಡಿಸುವ ಒಳಲೆ ತುಂಬ ಕುಡಿಸಿಬಿಟ್ಟೆ.

ಸಂಜೆಗೆ ಕೂಸಿಗೆ ಭೇದಿ ಶುರುವಾಯಿತು, ಜ್ವರ ಏರಿತು. ಚಂಪಕಾ ಎರಡೂ ನೀರಿಗೆ ನೀರುಚೀಟಿ ಅದ್ದಿದಳು. ನೀರು ಕೆಟ್ಟಿದ್ದರೆ ಬಣ್ಣ ತಿರುಗುವ ಕಾಗದ ಅದು. ಬಾಟಲಿಯದು ಬಿಳಿಯಾಗೇ ಉಳಿಯಿತು. ನಮ್ಮ ತಂಬಿಗೆಯದು ಕಂದುಬಣ್ಣಕ್ಕೆ ತಿರುಗಿತು.

“ಮಳಿ ಎರಡೂ ಕಡೆ ಒಂದಽ, ಆಯಿ. ಅದು ಯಾವುದರ ಮ್ಯಾಲೆ ಬಿತ್ತು ನೋಡ್ರಿ,” ಎಂದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

ನೋಡಿದೆ. ಮಾಳಿಗೆಯ ಮೇಲೆ ಬೇಸಿಗೆಯಿಡೀ ಕೂತ ಧೂಳು, ಪಾರಿವಾಳದ ಹಿಕ್ಕೆ. ಅದರ ಮೇಲೆ ಹಾರುಗಿಂಡಿಗಳ ಔಷಧಿ. ಹೊಲದ ಮೇಲೆ ಹಾರುತ್ತ ಬೆಳೆಗೆ ಔಷಧಿ ಚಿಮುಕಿಸುವ ಯಂತ್ರಗಳಿಗೆ ನಾವು ಹಾಗೆನ್ನುತ್ತೇವೆ. ಅಷ್ಟನ್ನೂ ತೊಳೆದುಕೊಂಡು ಇಳಿದ ನೀರನ್ನೇ ನಾನು ಹಿಡಿದದ್ದು. ಹುಬ್ಬಳ್ಳಿಯ ಮಳೆಯೂ ಹೊಗೆ ಹೊತ್ತೇ ಬೀಳುತ್ತದೆ. ಆದರೆ ಅಲ್ಲಿನವರಿಗೆ ಅದರ ಮೇಲೆ ನಂಬಿಕೆಯಿಲ್ಲ. ಮೊದಲ ಮಳೆಯನ್ನು ಹರಿಯಬಿಟ್ಟು, ಆಮೇಲಿನದನ್ನು ಮರಳು ಇದ್ದಿಲಿನಲ್ಲಿ ಸೋಸಿ, ಕಾಯಿಸುತ್ತಾರೆ. ನಮಗೆ ನಂಬಿಕೆಯೇ ಮುಳುವಾಯಿತು.

ಡಾಕ್ಟರು ಒಳಗಿದ್ದಾರೆ. ಕೂಸು ಅಳುವುದನ್ನು ನಿಲ್ಲಿಸಿದೆ, ಅದು ಒಳ್ಳೆಯದೋ ಕೆಟ್ಟದ್ದೋ ಯಾರೂ ಹೇಳುತ್ತಿಲ್ಲ. ನಾನು ತೊಟ್ಟಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಉಳಿ ತಂದು ನಿನ್ನ ಸಾಲನ್ನು ಕೆತ್ತಿಹಾಕಲು ನೋಡಿದೆ. ಬೆರಳು ತರಚಿತೇ ಹೊರತು ಅಕ್ಷರ ಅಲುಗಲಿಲ್ಲ.

ನೀನು ಪ್ರೀತಿಯಿಂದ ಬರೆದೆ, ಗೊತ್ತು. ಇನ್ನೊಮ್ಮೆ ಬರೆ, ಅವ್ವಾ: ಮೊದಲ ಮಳೆ ನೆಲಕ್ಕೆ. ನನ್ನ ಕಾಲಕ್ಕೆ ಆ ಗೋಡೆ ಕಲ್ಲಾಗಿದೆ. ನಿನ್ನ ಕೈಯಲ್ಲಿ ಮೊಳೆ ಇದೆ, ಸಿಮೆಂಟು ಇನ್ನೂ ಹಸಿ ಇದೆ.