ತೊಟ್ಟಿಯ ಬಳಿ ಕಾಯುವವರು

ಸಂಪತ್,

ಜೊತೆಗೇ ನಡೆಯುತ್ತೇನೆ ಎಂದು ಮಾತು ಕೊಟ್ಟೆ, ನಡೆಯಲಿಲ್ಲ. ಜಾತಿಯ ವಿರುದ್ಧದ ಹೋರಾಟದಲ್ಲಿ ಯಾರೂ ಹಿಂದೆ ಬೀಳಬಾರದು ಎಂದು ಮೈಕಿನಲ್ಲಿ ಕೂಗಿದೆ, ನಿನ್ನನ್ನೇ ಹಿಂದೆ ಬಿಟ್ಟೆ. ಈ ಪತ್ರ ಕಳಿಸುವ ಮುಖ ನನಗಿಲ್ಲ, ಆದರೂ ಕಳಿಸುತ್ತಿದ್ದೇನೆ.

ಇವತ್ತು ಓಕ್ಲ್ಯಾಂಡ್ ಬೆಟ್ಟದಲ್ಲಿ ಐವತ್ತು ಮೈಲಿ ಓಟದ ಕುದುರೆಗಳಿಗೆ ದಾರಿಯ ತೊಟ್ಟಿಯಲ್ಲಿ ನೀರು ತುಂಬಲು ಹೋಗಿದ್ದೆ. ಓಟದಲ್ಲಿದ್ದ ಗೆಳತಿಯ ಮಗಳು ಲಾಸ್ಯಾಳ ಕುದುರೆ ಕುಡಿದು ಮುಗಿಸಿತು. ಅವಳು ಮಾತ್ರ ಹೊರಡಲಿಲ್ಲ.

"ಹೊರಡೇ, ಲೇಟಾಗುತ್ತೆ!" ಎಂದು ಗದರಿದೆ.

"ಆಂಟಿ, ಪಕ್ಕದ್ದು ಇನ್ನೂ ಕುಡೀತಿದೆ. ನಾವು ಹೊರಟ್ರೆ ಅದು ನೀರು ಬಿಟ್ಟು ಹಿಂದೇನೇ ಓಡಿ ಬರುತ್ತೆ. ಅದಕ್ಕೇ ಇಲ್ಲಿ ಎಲ್ರೂ ಕಾಯ್ತಾರೆ."

ಬಕೆಟ್ ಹಿಡಿದು ನಿಂತೆ. ಯಾರದೋ ಕುದುರೆಯ ಗಂಟಲು ಏರಿಳಿಯುವುದನ್ನೇ ನೋಡಿದೆ.

"ಲೀಡರಮ್ಮಾ, ಒಂದು ಗುಟುಕು ಕುಡೀತೀನಿ, ನಿಲ್ಲೇ" ಅನ್ನುತ್ತಿದ್ದೆ ನೀನು. "ಮೆರವಣಿಗೆ ನಿನ್ನ ಬಾಟಲಿಗೆ ಕಾಯಲ್ಲ ಕಣೋ" ಅನ್ನುತ್ತಿದ್ದೆ ನಾನು. ಪ್ರತಿಸಲವೂ ಅರ್ಧ ಬಾಟಲಿಗೆ ಮುಚ್ಚಳ ತಿರುಗಿಸುತ್ತಲೇ ನೀನು ಓಡಿಬರುತ್ತಿದ್ದೆ. ಒಂದು ದಿನ ಬರಲಿಲ್ಲ. ನಾನು ತಿರುಗಿ ನೋಡಿದ್ದು ಭಾಷಣ ಮುಗಿದ ಮೇಲೆ; ಅಷ್ಟರಲ್ಲಿ ನೀನು ಮನೆಗೆ ಹೊರಟಾಗಿತ್ತು.

ಮುಂದಿನ ಮೆರವಣಿಗೆ ಬೆರ್ರಿಯೆಸಾ ರೈಲು ಸ್ಟೇಷನ್ನಿನಿಂದ. ಈ ಸಲ ನಾನು ಕೊನೆಯ ಸಾಲಿನಲ್ಲಿ, ನೀರಿನ ಕ್ಯಾನುಗಳ ಪಕ್ಕ ನಿಂತಿರುತ್ತೇನೆ. ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.