ಅಕ್ಕಿ ಕಡುಬಿನಂತೆ ಹಂಚಿದ ಸಿನಿಮಾ

ತೊಂಗ್‌ಯೊಂಗ್,
ನವೆಂಬರ್ ೧೪

ಪ್ರೀತಿಯ ಹೇರಿಮ್,

ಚೆನ್ನಾಗಿದ್ದೀಯಾ? ಇಲ್ಲೇ ಇಷ್ಟು ಚಳಿ, ಸಿಯೋಲ್‌ನಲ್ಲಿ ಇನ್ನೆಷ್ಟೋ. ಏಳು ವರ್ಷ ಒಂದಕ್ಷರ ಬರೆಯದವನು ಈಗ ಬರೆಯುತ್ತಿದ್ದೇನೆ, ಕ್ಷಮಿಸು. ಬಾಯಿ ಜೋರು, ಪೆನ್ನು ಹಿಡಿದರೆ ಪುಕ್ಕಲ, ನಿನ್ನಪ್ಪ.

ನಿನ್ನ ಸಿನಿಮಾವನ್ನು ಇಂಟರ್ನೆಟ್ಟಿನಲ್ಲಿ ಕದ್ದು ಹಂಚಿದವರ ಮೇಲೆ ನಿನ್ನ ವಕೀಲರು ದೂರು ಕೊಟ್ಟಿದ್ದಾರಲ್ಲ, ಆ ಪಟ್ಟಿಯಲ್ಲಿ ನಾನೂ ಇದ್ದೇನೆ. ಹೆಸರು ನೋಡಿ ಗಾಬರಿಯಾಗಬೇಡವೆಂದು ಮೊದಲೇ ಹೇಳಿಬಿಟ್ಟೆ.

ನಮ್ಮೂರಿನ ಥಿಯೇಟರಿಗೆ ಅದು ಬರಲೇ ಇಲ್ಲ. ದುಡ್ಡು ಕೊಟ್ಟೇ ಕಂಪ್ಯೂಟರಿಗೆ ಇಳಿಸಿಕೊಂಡೆ. ಅಂಗಡಿಯ ಬಾಗಿಲು ಹಾಕಿ, ಕ್ಷೌರದ ಕುರ್ಚಿಯಲ್ಲೇ ಕೂತು ಎರಡು ಸಲ ನೋಡಿದೆ. ಕೊನೆಗೆ ನಿನ್ನ ಹೆಸರು ಬಂದಾಗ ಎದೆಯುಬ್ಬಿತು ಕಣೇ. ಮನೆಯಲ್ಲಿ ಒಳ್ಳೆಯದಾದರೆ ಬೀದಿಗೆಲ್ಲ ಅಕ್ಕಿ ಕಡುಬು ಹಂಚುವುದಿಲ್ಲವೇ? ಹಾಗೇ ಅಂದುಕೊಂಡು ನಮ್ಮ ಶಾಲೆಯ ಹಳೆಯ ಗೆಳೆಯರ ವೆಬ್‌ಪುಟಕ್ಕೆ ಹಾಕಿ, ಎಲ್ಲರೂ ನೋಡಿ ಎಂದು ಬರೆದೆ. ಆ ಪುಟವನ್ನು ಯಾರು ಬೇಕಾದರೂ ತೆರೆಯಬಹುದೆಂದು ನನಗೇನು ಗೊತ್ತು? ಊರೂರಿನವರು ತೆಗೆದುಕೊಂಡುಬಿಟ್ಟರು.

ಗೆಳೆಯ ಮಾನ್‌ಬೊಕ್ ಸುಮ್ಮನಿರುತ್ತಾನೆಯೇ? "ಕಡುಬು ಹಂಚೋಕೆ ಹೋಗಿ ಕಳ್ಳ ಆಗ್ಬಿಟ್ಯಲ್ಲೋ, ಹಜಾಮತಿ ಮಾಡೋ ಕತ್ತಿನೂ ಕದ್ದಿದ್ದೇನೋ?" ಎಂದು ಗಿರಾಕಿಗಳ ಮುಂದೆಯೇ ಕಾಲೆಳೆದ. ನಾನೂ ನಕ್ಕೆ.

ಪೊಲೀಸರು ಒಳ್ಳೆಯವರು. ಸಿನಿಮಾ ಕದ್ದು ಹಂಚಬಾರದೆಂಬ ಒಂದು ದಿನದ ಪಾಠ ಕೇಳಿ ಬಂದರೆ ಈ ಸಲ ಕೇಸು ಮುಂದುವರಿಸುವುದಿಲ್ಲವೆಂದರು. ಹೋದೆ. ಪಾಠ ಹೇಳುವಾಕೆ, "ನೀವು ಪುಕ್ಕಟೆ ಹಂಚ್ತಾ ಹೋದ್ರೆ, ಮಾಡಿದವ್ರು ಇನ್ನೊಂದು ಸಿನಿಮಾ ಹೇಗ್ರೀ ಮಾಡ್ತಾರೆ?" ಎಂದಳು. ಅಲ್ಲಿಗೆ ನನ್ನ ನಗು ನಿಂತಿತು. ಮಗಳ ಹೊಟ್ಟೆಯ ಮೇಲೆ ನಾನೇ ಹೊಡೆದೆನಲ್ಲ ಎಂದು ಆ ದಿನ ಊಟ ಸೇರಲಿಲ್ಲ. ನನಗೋಸ್ಕರ ದೂರು ವಾಪಸು ತೆಗೆದುಕೊಳ್ಳಬೇಡ. ನೀನು ಮಾಡಿದ್ದು ಸರಿ.

ಹೊತ್ತು ಹೊತ್ತಿಗೆ ಉಣ್ಣು. ಹಿಡಿದ ಕೆಲಸವೆಲ್ಲ ಕೈಗೂಡಲಿ.

ನಿನ್ನ ಅಪ್ಪ,
ಪ್ಯೋ ಗಿಲ್‌ಸು

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಠಾಣೆಯ ಹುಡುಗಿ ಕಾಗದ ನೋಡುತ್ತಾ, "ಅಪ್ಪಾಜಿ, ಡೈರೆಕ್ಟರೂ ಪ್ಯೋ ಮನೆತನದವ್ರೇ ಇದ್ದಾರಲ್ಲ, ನಿಮ್ಮ ಮಗಳಾ?" ಎಂದು ಕೇಳಿದಳು. ನಿನ್ನ ಹೆಸರಿಗೆ ಮಸಿ ಹತ್ತಬಾರದೆಂದು "ಅಲ್ಲಮ್ಮಾ" ಎಂದೆ. ಹೊರಗೆ ಬಂದ ಮೇಲೆ ನೆನಪಾಯಿತು. ಸಿನಿಮಾ ಕಲಿಯಲು ನೀನು ಹೊರಟ ದಿನ ಬಾಗಿಲಲ್ಲಿ ನಿಂತು ಕೂಗಿದ್ದೂ ಅದನ್ನೇ, ನೀನು ನನ್ನ ಮಗಳಲ್ಲ ಎಂದು. ಆಗ ಸಿಟ್ಟಿಗೆ ಹೇಳಿದೆ, ಈಗ ಪ್ರೀತಿಗೆ. ಇನ್ನೊಮ್ಮೆ ಯಾರಾದರೂ ಕೇಳಿದರೆ ಏನು ಹೇಳಲಿ, ನೀನೇ ಬರೆದು ತಿಳಿಸು.