ಗೆರೆ ಎಳೆದು ಸಹಿ ಹಾಕಿದೆ

ಜೂನ್ ೧೧, ಮಂಗಳವಾರ

ಆ ಒಂದು ಸಾಲು ಇನ್ನೂ ಕಣ್ಣಿಗೆ ಚುಚ್ಚುತ್ತಿದೆ. "ಕಾಯಂ ಹುದ್ದೆಯನ್ನು ಎಂದೂ ಕೇಳುವುದಿಲ್ಲ." ಈ ವರ್ಷದ ಕರಾರುಪತ್ರಕ್ಕೆ ಹೊಸದಾಗಿ ಸೇರಿಸಿದ್ದಾರೆ. ವಿಶ್ವವಿದ್ಯಾಲಯಕ್ಕೆ ನಾನು ಅತಿಥಿ ಉಪನ್ಯಾಸಕಿಯಂತೆ! ಹನ್ನೊಂದು ವರ್ಷ ಬೀಡುಬಿಟ್ಟ ಅತಿಥಿಯನ್ನು ಯಾವ ಮನೆ ಕಂಡಿದೆ?

ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ ನಾವು ಅತಿಥಿಗಳೆಲ್ಲ ಸಾಲಾಗಿ ನಿಂತಿದ್ದೆವು. ನನ್ನ ಸರದಿ ಬಂದಾಗ ಆ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ಸಹಿ ಹಾಕಿದೆ.

"ಏನಮ್ಮಾ ಇದು? ನಾನೇ ಪಾಠ ಹೇಳಿದ ಹುಡುಗಿ ನೀನು. ನನ್ನ ಮರ್ಯಾದೆ ಕಳೀತೀಯಾ?" ಎಂದರು.

"ಒಪ್ಪದ ಮಾತಿಗೆ ಹೇಗೆ ಸರ್ ಸಹಿ ಹಾಕ್ಲಿ?"

"ಇರೋ ಕೆಲಸಾನೂ ಹೋಗುತ್ತೆ."

"ಹೋದ್ರೆ ಹೋಗ್ಲಿ. ಕೇಳೋ ಬಾಯಾದ್ರೂ ನನ್ನ ಹತ್ರಾನೇ ಇರುತ್ತೆ."

ಅವರು ಹಾಳೆಯನ್ನು ಹರಿಯಲಿಲ್ಲ, ಫೈಲಿಗೂ ಸೇರಿಸಲಿಲ್ಲ; ಮೇಜಿನ ಒಂದು ಬದಿಗೆ ಸರಿಸಿಟ್ಟರು. ನನ್ನ ಹಿಂದಿದ್ದ ಹೊಸ ಮೇಷ್ಟ್ರು ಮೊನ್ನೆ ತಾನೇ ಅಪ್ಪನಾದವನು. ಗೆರೆ ಎಳೆಯದೆ ಸಹಿ ಹಾಕಿ, ನನ್ನ ಮುಖ ನೋಡದೆ ಹೊರಟುಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಮನೆಯಲ್ಲಿ ಅತ್ತೆಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ನಾಳೆ ಹೋಗ್ತೀಯಾ?"

"ಹೋಗ್ತೀನಿ ಅತ್ತೆ."

"ಹಂಗಾದ್ರೆ ಒಳ್ಳೆ ಸೀರೆ ಉಟ್ಕೊಂಡ್ ಹೋಗು. ತಪ್ಪು ಮಾಡ್ದೋರ ಥರ ಕಾಣ್ಬೇಡ."

ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಬೆಳಗಿನ ಮೊದಲ ತರಗತಿ ನನ್ನದೇ. ತಡೆಯುವುದಿದ್ದರೆ ನನ್ನ ಕ್ಲಾಸಿನ ಮಕ್ಕಳ ಎದುರಿಗೇ ಬಾಗಿಲಲ್ಲಿ ತಡೆಯಲಿ. ನಾನಾಗಿ ಮಾತ್ರ ಆ ತರಗತಿಯಿಂದ ಹೊರಗೆ ಕಾಲಿಡುವುದಿಲ್ಲ.

ಕಣ್ಣು ಎಳೆಯುತ್ತಿದೆ. ಸೀರೆಗೆ ಇಸ್ತ್ರಿ ಬೇರೆ ಆಗಬೇಕು.